ಒಬ್ಬಳು ಅತ್ತೆ, ಮೂವರು ಕಥೆಗಾರರು

ಮನೆ ಕಟ್ಟುವಾಗ ನಡುವೆ ಮೇಸ್ತ್ರಿ ಬದಲಾದರೆ ಬಾಗಿಲು ಬರಬೇಕಾದ ಕಡೆ ಕಿಟಕಿ ಬರುತ್ತದೆ. ಸೀರಿಯಲ್‌ಗೆ ನಡುವೆ ಕಥೆಗಾರ ಬದಲಾದರೆ ರಾಕ್ಷಸಿಯಾಗಿದ್ದ ಅತ್ತೆ ಬೆಳಗಾಗುವಷ್ಟರಲ್ಲಿ ದೇವತೆಯಾಗುತ್ತಾಳೆ. ನಮ್ಮ ಕಸುಬಿನಲ್ಲಿ ಇಂಥದ್ದು ಆಗಾಗ ಆಗದಿದ್ದರೆ ನಮಗೇ ಏನೋ ಕಳೆದುಕೊಂಡ ಹಾಗಿರುತ್ತದೆ.

ನಾನು ನಂಜನಗೂಡಿನ ನಮ್ಮ ಮನೆಯಲ್ಲೇ ಕೂತು, ದಿನಾ ಸಂಜೆ ಬರುವ ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುವವಳು. ಕಥೆಗಾರರು ಬೆಂಗಳೂರಿನಲ್ಲಿರುತ್ತಾರೆ. ಯಾರು ಮದುವೆಯಾಗಬೇಕು, ಯಾರು ಸಾಯಬೇಕು, ಯಾರು ಬಾಗಿಲ ಹಿಂದೆ ನಿಂತು ಕದ್ದು ಕೇಳಬೇಕು ಎಂದು ದೃಶ್ಯಕ್ಕೊಂದು ಸಾಲು ಬರೆದು ಕಳಿಸುತ್ತಾರೆ. ಸಾಯುವವರು ಏನು ಹೇಳಿ ಸಾಯಬೇಕು ಅನ್ನುವುದು ಮಾತ್ರ ನನ್ನ ಪಾಲಿನದು. ಕಥೆ ಅವರದು, ಬಾಯಿ ನನ್ನದು. ಕಥೆಯನ್ನು ಮುಟ್ಟಬೇಡಿ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ನಾನೂ ಮುಟ್ಟಿಲ್ಲ. ಆದರೂ ಈ ಸೀರಿಯಲ್‌ನ ಅತ್ತೆಯ ಜೀವಕ್ಕೆ ಸಂಚಕಾರ ಬಂದಾಗ ಏನಾಯಿತು ಅನ್ನುವುದನ್ನು ಹೇಳಲೇಬೇಕು. ಅದಕ್ಕೆ ಮೊದಲು ಆಕೆ ಹುಟ್ಟಿದ್ದು ಹೇಗೆ ಅಂತ ಕೇಳಿ.

ಬೈಗುಳದ ಉಪ್ಪು

ಮೊದಲನೇ ಕಥೆಗಾರರಿಗೆ ಅತ್ತೆ ಎಂದರೆ ಕೆಟ್ಟವಳೇ. "ಮೇಡಂ, ಅತ್ತೆ ಬಾಯಿ ತೆಗೆದರೆ ಟಿವಿ ಗಾಜು ಬಿರುಕು ಬಿಡಬೇಕು" ಅಂದರು.

ಅಂಥ ಬಾಯಿ ಹುಡುಕಿಕೊಂಡು ನಾನೇನೂ ದೂರ ಹೋಗಬೇಕಾಗಿರಲಿಲ್ಲ. ನನ್ನ ಸ್ವಂತ ಅತ್ತೆ ಸೋಸಲೆಯಲ್ಲಿ ನಮ್ಮ ಭಾವನವರ ಸಂಸಾರದ ಜೊತೆ ಇದ್ದಾರೆ. ಗದ್ದೆ, ಹಸು, ಮೊಮ್ಮಕ್ಕಳು ಎಲ್ಲದರ ಮೇಲೂ ಅವರದೇ ದರ್ಬಾರು. ಮದುವೆಯಾದ ಹೊಸದರಲ್ಲಿ ನನ್ನಿಂದ ಒಂದು ಚೊಂಬು ನೀರು ಚೆಲ್ಲಿತ್ತು. ಅದಕ್ಕೆ ಅವರು ಬೈದ ಬೈಗುಳ ನನಗೆ ಬಾಯಿಪಾಠವಾಗಿತ್ತು. ಅದನ್ನೇ ಸೀರಿಯಲ್ ಅತ್ತೆಗೆ ಬರೆದೆ. ಆಗ ಕಣ್ಣೀರು ಹಾಕಿಸಿದ ಮಾತು ಈಗ ಅನ್ನ ಹಾಕತೊಡಗಿತು.

"ನಮ್ಮವ್ವ ದಿನಾ ಸೀರಿಯಲ್ ನೋಡ್ತಾಳೆ ಕಣೆ, ನಿನ್ನ ಕಥೆ ಮುಗೀತು" ಎಂದು ನನ್ನ ಗಂಡ ಹೆದರಿಸಿದರು. ಆ ಭಾನುವಾರ ಸೋಸಲೆಗೆ ಹೋದಾಗ ನನ್ನ ಕಾಲು ಹಿಂದೆ ಹಿಂದೆ ಹೋಗುತ್ತಿತ್ತು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು:

"ಏನಮ್ಮಿ, ಆ ಟಿವಿ ಎಂಗ್ಸು ನನ್ ಮಾತ್ನೇ ಆಡ್ತಾವ್ಳಲ್ಲ, ನೀನೇ ತಾನೇ ಬರ್ಕೊಟ್ಟಿದ್ದು?"

"ತಪ್ಪಾಯ್ತು ಅತ್ತೆ..."

"ತಪ್ಪಾಯ್ತು ಅಂದ್ರೆ? ಅರ್ಧಕ್ಕೇ ನಿಲ್ಸಿದ್ದೀಯಲ್ಲ! 'ಒಂದ್ ಚೊಂಬು ನೀರ್ ತಾ ಅಂದ್ರೆ ಅರ್ಧ ನೆಲುಕ್ಕೆ, ಅರ್ಧ ನಿನ್ ಸೀರೆಗೆ' ಅಂದ್ಳು, ಸುಮ್ನಾಗ್ಬುಟ್ಳು. 'ನಾನೇನ್ ಕುಡೀಲಿ, ನಿನ್ ಸೀರೆ ಇಂಡ್ಕಂಡ್ ಕುಡೀಲಾ' ಅನ್ನೋದ್ ಎಲ್ಲೋಯ್ತು? ಅದೇ ಕಣಮ್ಮಿ ಅದ್ರ ಉಪ್ಪು!"

ನಾನು ಪೂರ್ತಿ ಬರೆದಿದ್ದೆ, ಸಮಯ ಸಾಲದೆ ಎಡಿಟಿಂಗ್‌ನಲ್ಲಿ ಕತ್ತರಿಸಿದ್ದಾರೆ ಅಂದೆ. ಅವರು ಒಪ್ಪಲಿಲ್ಲ. ಸೀರೆ ಹಿಂಡುವಷ್ಟು ಪುರುಸೊತ್ತೂ ಇಲ್ಲದವರು ಸೀರಿಯಲ್ ಯಾಕೆ ಮಾಡಬೇಕು ಅನ್ನುವುದು ಅವರ ವಾದ. ಅವತ್ತಿನಿಂದ ಟಿವಿಯ ಅತ್ತೆ ಅವರ ಪಾಲಿಗೆ ಬೇರೆ ಯಾರೋ ಅಲ್ಲ, 'ನಾನು' ಆದಳು.

ಶುಕ್ರವಾರದ ಪಾಯಸ

ಒಂದು ದಿನ ಮೊದಲನೇ ಕಥೆಗಾರರು ಬೇರೆ ಚಾನೆಲ್‌ಗೆ ಹೊರಟುಹೋದರು. ಎರಡನೆಯವರು ಮಹಾ ಸಾತ್ವಿಕರು. "ಜನಕ್ಕೆ ಒಳ್ಳೆ ಅತ್ತೆ ಬೇಕು ಮೇಡಂ. ಸೋಮವಾರದಿಂದ ಅತ್ತೆ ಸೊಸೆಯ ಕಣ್ಣೊರೆಸುತ್ತಾರೆ, ಬೀಗದ ಕೈ ಗೊಂಚಲು ಕೊಡುತ್ತಾರೆ" ಅಂದರು.

"ಸರಿ ಸಾರ್. ಪಾಯಸ?" ಅಂದೆ.

"ಯಾವ ಪಾಯಸ?"

"ಶುಕ್ರವಾರದ ಕಂತಿನಲ್ಲಿ ಅತ್ತೆ ವಿಷ ಬೆರೆಸಿದ್ದರಲ್ಲ, ಅದು. ಸೊಸೆ ಲೋಟ ಎತ್ತಿ ಬಾಯಿಗಿಡುವಾಗ ಕಂತು ಮುಗಿದಿದೆ."

ಹಳೆಯ ಕಂತು ನೋಡದೆ ಹೊಸ ಕಥೆ ಬರೆದಿದ್ದರು, ಪಾಪ. ಫೋನಿನ ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು. ಕೊನೆಗೆ, "ಅದು ವಿಷ ಅಲ್ಲ ಅನ್ನಿ. ಸೊಸೆಯ ತಲೆನೋವಿಗೆ ಅತ್ತೆ ಗುಟ್ಟಾಗಿ ಹಾಕಿದ ನಾಟಿ ಔಷಧಿ ಅನ್ನಿ" ಅಂದರು.

ವಿಷ ಕುಡಿದು ಅರಗಿಸಿಕೊಂಡ ದೇವರ ಊರಿನವಳು ನಾನು, ಇದೇನು ಮಹಾ ಎಂದು ಬರೆದೇ ಬರೆದೆ. ಸೋಮವಾರ ಸೊಸೆ ಪಾಯಸ ಕುಡಿದಳು. ತಲೆಗೆ ಸೆರಗು ಬಿಗಿದು ನರಳುತ್ತಿದ್ದವಳು ಮುಖ ಅರಳಿಸಿ, "ಅತ್ತೆ, ಇಷ್ಟು ದಿನ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ" ಎಂದು ಕಾಲಿಗೆ ಬಿದ್ದಳು. ಹಿಂದಿನ ವಾರ ಅತ್ತೆ ಬಾಟಲಿ ಎತ್ತಿ ಹಿಡಿದು ಹ್ಹಹ್ಹಹ್ಹ ಅಂತ ನಕ್ಕಿದ್ದನ್ನು ಯಾರೂ ಕೇಳಲಿಲ್ಲ.

ಕಂತು ಮುಗಿಯುವುದೇ ತಡ, ಸೋಸಲೆಯಿಂದ ಫೋನು. ಸಿಕ್ಕಿಬಿದ್ದೆ ಅಂದುಕೊಂಡು ಎತ್ತಿದೆ.

"ಅಮ್ಮಿ, ನಾನ್ ಪಾಯ್ಸುಕ್ಕಾಕುದ್ನಲ್ಲ ಔಸ್ದಿ, ಅದು ನಂಜನಗೂಡ್ನಲ್ಲಿ ಸಿಕ್ತದಾ? ಮಂಡಿ ನೋವ್ಗೂ ಆಯ್ತದಾ ಕೇಳು."

ಇಳಿದವರು ಎಲ್ಲಿ

ಕಥೆಗಾರರು ಹೋದರೂ ಅವರು ಮಾಡಿಟ್ಟ ರಾದ್ಧಾಂತ ಹೋಗುವುದಿಲ್ಲ. ಮೊದಲನೆಯವರು ಅತ್ತೆಯ ಹಿರಿ ಮಗನನ್ನು ಮಾಡದ ತಪ್ಪಿಗೆ ಜೈಲಿಗೆ ಕಳಿಸಿ ಅಲ್ಲೇ ಮರೆತಿದ್ದರು. ಕಿರಿ ಮಗನ ಪಾತ್ರದ ಹುಡುಗನಿಗೆ ಸಿನಿಮಾ ಸಿಕ್ಕಿತೆಂದು ಎರಡನೆಯವರು ಅವನನ್ನು ಸನ್ಯಾಸಿ ಮಾಡಿ ಹಿಮಾಲಯಕ್ಕೆ ಅಟ್ಟಿದರು. ಮಗಳ ಪಾತ್ರದವಳು ಬಾಣಂತನಕ್ಕೆ ಹೋದಳು. ಹಾಗಾಗಿ ಆ ಮಗಳು ಬಸ್ಸು ಅಪಘಾತದಲ್ಲಿ ನೆನಪು ಕಳೆದುಕೊಂಡು, ಯಾವುದೋ ಆಶ್ರಮದಲ್ಲಿ ಉಳಿದುಬಿಟ್ಟಳು.

ಇದೆಲ್ಲ ನನ್ನದೇ ಕಿತಾಪತಿ ಎಂದು ಜನರ ನಂಬಿಕೆ. ಸೋಸಲೆಗೆ ಹೋಗಲು ಟಿ. ನರಸೀಪುರದ ಬಸ್ಸು ಹತ್ತಿದರೆ ಸಾಕು, ನಾನು ಯಾರೆಂದು ಗೊತ್ತಿದ್ದ ಕಂಡಕ್ಟರು ಟಿಕೆಟ್ ಮರೆತು ವಿಚಾರಣೆ ಶುರು ಮಾಡುತ್ತಿದ್ದರು.

"ಮೇಡಂ, ಇರೀ ಮಗ ಜೈಲಿಂದ ಯಾವಾಗ ಬತ್ತಾನೆ?"

"ಗೊತ್ತಿಲ್ಲಪ್ಪ."

"ಕಿರಿಯೋನು?"

"ಅದೂ ಗೊತ್ತಿಲ್ಲ."

"ಓಗ್ಲಿ, ಆ ಯೆಣ್ಮಗೀಗೆ ಗ್ಯಾನ ಬತ್ತದೋ ಇಲ್ವೋ?"

"ನನಗೆ ಹೇಗೆ ಗೊತ್ತಾಗುತ್ತೆ? ಕಥೆ ಬರೆಯೋರು ಬೇರೆ."

ಕಂಡಕ್ಟರು ಇಡೀ ಬಸ್ಸಿಗೆ ಕೇಳುವಂತೆ ಅಂದರು: "ನಮ್ ಬಸ್ಸೇ ವಾಸಿ ಕಣ್ರೀ. ಇಳ್ದೋರು ಯಾವ್ ಸ್ಟಾಪ್ನಲ್ಲಿ ಇಳುದ್ರು ಅಂತ ನಮ್ಗಾದ್ರೂ ಗೊತ್ತಿರ್ತದೆ."

ಬಾಯಿಗೆ ನೀರು

ಮೂರನೇ ಕಥೆಗಾರ ಇನ್ನೂ ಚಿಕ್ಕ ವಯಸ್ಸಿನವರು. ಬಂದವರೇ, "ಕಥೆ ಯೂತ್‌ಫುಲ್ ಆಗಬೇಕು ಮೇಡಂ. ಈ ಶುಕ್ರವಾರ ಅತ್ತೆಗೆ ಹಾರ್ಟ್ ಅಟ್ಯಾಕ್. ಕೊನೇ ಮಾತು ಹೇಳ್ತಾರೆ, ಹೋಗ್ತಾರೆ. ಸೋಮವಾರ ಗೋಡೆ ಮೇಲೆ ಫೋಟೋ, ಫೋಟೋಕ್ಕೆ ಹಾರ" ಅಂದರು. ಫೋಟೋಕ್ಕೆ ಕಟ್ಟು ಹಾಕಿಸಿಯೂ ಆಗಿತ್ತಂತೆ. ಆಮೇಲೆ ಮೆತ್ತಗೆ ಸೇರಿಸಿದರು: "ಹಳ್ಳಿ ಮಾತು ಅತ್ತೆಗೆ ತಾನೇ ಬೇಕಾಗಿದ್ದು? ಅವರು ಹೋದಮೇಲೆ ಸಿಟಿ ಕಥೆ. ಡೈಲಾಗ್‌ಗೆ ಬೇರೆಯವರನ್ನ ನೋಡಿದೀವಿ, ಬೇಜಾರು ಮಾಡ್ಕೋಬೇಡಿ."

ಅಂದರೆ ಅತ್ತೆಗೂ ನನಗೂ ಸೇರಿಸಿ ಒಂದೇ ಚಟ್ಟ. ಕೆಲಸ ಹೋಗುವ ಸಂಕಟಕ್ಕಿಂತ ಹೆಚ್ಚಾಗಿ ನನಗೆ ಹೊಟ್ಟೆ ಉರಿಯಿತು. ಬೈಗುಳ ಬೈಗುಳ ಕೂಡಿಸಿ ನಾನು ಬೆಳೆಸಿದ ಹೆಂಗಸು ಆಕೆ. ನಿನ್ನೆ ಮೊನ್ನೆ ಬಂದವರು ಬಂದು ಗೋಡೆಗೆ ಮೊಳೆ ಹೊಡೆಯುವುದೆಂದರೇನು? ಇನ್ನೊಂದು ಕಡೆ, ಟಿವಿಯಲ್ಲಿ ನೋಡಿ ನಮ್ಮ ಅತ್ತೆ ಎದೆ ಹಿಡಿದುಕೊಂಡಾರು ಅನ್ನುವ ಭಯ. ಮೊದಲೇ ಹೇಳಿಬಿಡೋಣ ಎಂದು ಸೋಸಲೆಗೆ ಹೋದೆ.

ಅತ್ತೆ ಕೇಳಿಸಿಕೊಂಡರು. ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಯಾವ ಕಾಯ್ಲೆ?"

"ಹಾರ್ಟ್ ಅಟ್ಯಾಕ್, ಅತ್ತೆ."

"ಎಷ್ಟೊತ್ತು ಮನಗಿರ್ತೀನಿ?"

"ಎದೆ ಹಿಡ್ಕೊಂಡು ಎರಡು ಮಾತಾಡಿ ಹೋಗ್ಬಿಡ್ತೀರಿ."

ಅವರ ಮುಖ ಕೆಂಪಗಾಯಿತು. "ಅನಾಥ್ರು ಓದಂಗಾ? ನಾನೇನ್ ಮಕ್ಳಿಲ್ದೋಳಾ? ಸಾಯಿಸೋದಾದ್ರೆ ಸಾಯ್ಸು, ಉಟ್ದೋರೆಲ್ಲ ಒಂದಿನ ಓಗೋದೇಯ. ಆದ್ರೆ ಎತ್ತ ಮಕ್ಳೆಲ್ಲ ಬಂದು ಬಾಯ್ಗೆ ನೀರ್ ಬುಡ್ದೆ ನಾನ್ ಓಗಾಕಿಲ್ಲ ಕಣಮ್ಮಿ. ನಮ್ ಮನೇಲಿ ಯಾರೂ ಅಂಗ್ ಓಗಿಲ್ಲ."

ನಿಜವೇ. ನಮ್ಮ ಕಡೆ ಕೊನೆಗಾಲದಲ್ಲಿ ಮಕ್ಕಳು ಬಾಯಿಗೆ ನೀರು ಬಿಟ್ಟರೇನೇ ಜೀವಕ್ಕೆ ಸಮಾಧಾನ. ಯಾರಾದರೂ ಬಾರದಿದ್ದರೆ, ಜೀವ ಅವರಿಗಾಗಿ ಕಾಯುತ್ತಿದೆ ಅನ್ನುತ್ತಾರೆ. ನಾನು ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದೆ. ಅದೇ ಕಂಡಕ್ಟರು. "ಏನ್ ಮೇಡಂ, ಮಕ್ಳೆಲ್ಲ ಎಲ್ಲವ್ರೆ ಅಂತ ಈಗ್ಲಾದ್ರೂ ಗೊತ್ತಾಯ್ತಾ?" ಅಂದರು.

ನಾನು ಅಲ್ಲೇ ಕೂತಲ್ಲೇ ಜೋರಾಗಿ ನಕ್ಕುಬಿಟ್ಟೆ. ಒಬ್ಬ ಜೈಲಿನಲ್ಲಿ, ಒಬ್ಬ ಹಿಮಾಲಯದಲ್ಲಿ, ಒಬ್ಬಳಿಗೆ ತಾನು ಯಾರೆಂದೇ ಗೊತ್ತಿಲ್ಲ! ಪಕ್ಕದಲ್ಲಿ ಕೂತಿದ್ದ ಹೆಂಗಸು ಬ್ಯಾಗು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಮನೆಗೆ ಬಂದು ಬರೆಯಲು ಕೂತೆ. 'ಅತ್ತೆ ಎದೆ ಹಿಡಿದು ಹಾಸಿಗೆಗೆ ಬೀಳುತ್ತಾರೆ, ಕೊನೆಯ ಮಾತು ಹೇಳಿ ಸಾಯುತ್ತಾರೆ' ಎಂದು ಕಥೆಗಾರರು ಬರೆದಿದ್ದರು. ನಾನು ಒಂದಕ್ಷರ ಮುಟ್ಟಲಿಲ್ಲ. ಕೊನೆಯ ಮಾತು ಮಾತ್ರ ಬರೆದೆ: "ನನ್ ಇರೀ ಮಗ ಬಂದು ಬಾಯ್ಗೆ ನೀರ್ ಬುಡ್ದೆ ಈ ಜೀವ ಓಗಾಕಿಲ್ಲ."

ಅತ್ತೆ ಪಾತ್ರದ ನಟಿ ನಾಟಕ ಕಂಪನಿಯಲ್ಲಿ ಪಳಗಿದವರು. ಆ ಮಾತು ಹೇಳಿ ಬಾಗಿಲ ಕಡೆ ನೋಡಿದ ನೋಟಕ್ಕೆ ಲೈಟಿನವರೂ ಕಣ್ಣೊರೆಸಿಕೊಂಡರಂತೆ. ನಿರ್ದೇಶಕರು ಸಾಯುವ ಶಾಟ್ ತೆಗೆಯುವುದನ್ನೇ ಬಿಟ್ಟು, ಬಾಗಿಲು ತೋರಿಸಿ ಕಂತು ಮುಗಿಸಿದರು. ಮರುದಿನ ಚಾನೆಲ್‌ಗೆ ಫೋನೋ ಫೋನು. ಎಲ್ಲರದೂ ಒಂದೇ ಪ್ರಶ್ನೆ, ಹಿರಿ ಮಗ ಎಲ್ಲಿ? ಕರೆಸಿ ಎಂದು ಚಾನೆಲ್‌ನವರು ಹೇಳಿದರು.

ಆ ನಟ ಅಷ್ಟರಲ್ಲಿ ಒಂದು ದರ್ಶಿನಿ ಹೋಟೆಲು ಇಟ್ಟು ಇಡ್ಲಿ ಬೇಯಿಸುತ್ತಿದ್ದರು. ಅವರನ್ನು ಎಬ್ಬಿಸಿ ತಂದು, ಪೆರೋಲ್ ಕೊಡಿಸಿ, ಪೊಲೀಸರ ಜೊತೆ ಮನೆಗೆ ತರುವಷ್ಟರಲ್ಲಿ ವಾರ ಕಳೆಯಿತು. ಮಗ ಅಳುತ್ತಾ ಚಮಚ ಎತ್ತಿದ. ಅತ್ತೆ ಕಣ್ಣು ತೆರೆದು, "ತಮ್ಮುನ್ ಬುಟ್ಟು ನೀನೊಬ್ನೇ ಬುಡ್ತೀಯಾ? ಅವ್ನೂ ಬರ್ಲಿ" ಎಂದು ತುಟಿ ಬಿಗಿದರು. ಸಿನಿಮಾ ಓಡದೆ ಮನೆಯಲ್ಲಿ ಕೂತಿದ್ದ ಕಿರಿ ಮಗ ಖುಷಿಯಾಗಿ ಗಡ್ಡ ಅಂಟಿಸಿಕೊಂಡು ಹಿಮಾಲಯದಿಂದ ಇಳಿದ. ಟಿಆರ್‌ಪಿ ಅವನು ಇಳಿದದ್ದಕ್ಕಿಂತ ಜೋರಾಗಿ ಹಿಮಾಲಯ ಹತ್ತಿತು.

ಕಥೆಗಾರರು ಫೋನು ಮಾಡಿ ಕೂಗಾಡಿದರು. "ಮೇಡಂ, ಅತ್ತೆ ಎಂದೋ ಸಾಯಬೇಕಿತ್ತು! ನೀವು ಕಥೆ ಬದಲಾಯಿಸ್ತಿದ್ದೀರಿ!"

"ಇಲ್ಲ ಸಾರ್. ನೀವು ಸಾಯಲಿ ಅಂದ್ರಿ. ಅವರೂ ಸಾಯ್ತಾನೇ ಇದ್ದಾರೆ."

ಇದಾದ ಸ್ವಲ್ಪ ದಿನಕ್ಕೆ ಮೂರನೆಯವರನ್ನೂ ಚಾನೆಲ್‌ನವರು ಬೇರೆ ಸೀರಿಯಲ್‌ಗೆ ಹಾಕಿದರು. ನನಗೆ ಫೋನು ಬಂತು: ಅತ್ತೆ ಸಾಯುವುದು ಬೇಡ, ಹೊಸ ಕಥೆಗಾರರು ಸಿಗುವವರೆಗೆ ನೀವೇ ನೋಡಿಕೊಳ್ಳಿ. ಕಥೆ ಮುಟ್ಟಬೇಡಿ ಅಂದಿದ್ದವರ ಬಾಯಲ್ಲೇ ಆ ಮಾತು! ಅವತ್ತು ನಾನು ಅಡುಗೆಮನೆಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದೆ, ನಾಚಿಕೆಯೇನಿಲ್ಲ.

ಗಂಡುಮಕ್ಕಳಿಬ್ಬರು ಬಂದರೂ ನೀರು ಕುಡಿಯದೆ ಸೀರಿಯಲ್ ಅತ್ತೆ ಕಾಯುತ್ತಿದ್ದದ್ದು ಮಗಳಿಗೆ. ಅವಳು ಬರುವ ಕಂತನ್ನು ಸೋಸಲೆಯಲ್ಲೇ ನೋಡಿದೆ. ಅತ್ತೆಯ ಪಡಸಾಲೆಯಲ್ಲಿ ಬೀದಿಯ ಹೆಂಗಸರೆಲ್ಲ ಕೂತಿದ್ದರು. ಟಿವಿಯಲ್ಲಿ ಆಶ್ರಮದಿಂದ ಕರೆತಂದ ಮಗಳು ಹಾಸಿಗೆಯ ಬಳಿ ನಿಂತು, "ಇವರು ಯಾರು?" ಅಂದಳು. ಯಾರೋ ಅವಳ ಕೈಗೆ ನೀರಿನ ಚೊಂಬು ಕೊಟ್ಟರು. ಚೊಂಬು ಜಾರಿ ನೀರೆಲ್ಲ ಚೆಲ್ಲಿಹೋಯಿತು. ಆಗ ನೋಡಿ, ಸಾಯುತ್ತಿದ್ದ ಅತ್ತೆ ದಡಕ್ಕನೆ ಎದ್ದು ಕೂತರು.

"ಒಂದ್ ಚೊಂಬು ನೀರ್ ತಾ ಅಂದ್ರೆ ಅರ್ಧ ನೆಲುಕ್ಕೆ, ಅರ್ಧ ನಿನ್ ಸೀರೆಗೆ! ನಾನೇನ್ ಕುಡೀಲಿ, ನಿನ್ ಸೀರೆ ಇಂಡ್ಕಂಡ್ ಕುಡೀಲಾ?"

ಚಿಕ್ಕಂದಿನಿಂದ ಕೇಳಿದ ಬೈಗುಳ ಕಿವಿಗೆ ಬಿದ್ದದ್ದೇ ಮಗಳು "ಅವ್ವಾ!" ಎಂದು ಕಿರುಚಿ ತಬ್ಬಿಕೊಂಡಳು. ಪಡಸಾಲೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಒಬ್ಬಾಕೆ ನಮ್ಮ ಅತ್ತೆಯ ಕೈ ಹಿಡಿದು, "ಸದ್ಯ ಬದ್ಕುದ್ರಲ್ಲ ಬುಡಿ ದೊಡ್ಡವ್ವ" ಎಂದು ಕಣ್ಣೊರೆಸಿಕೊಂಡಳು. ಒಂದು ಸಾಲನ್ನೂ ಯಾರೂ ಕತ್ತರಿಸಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ಈಗ ಉಪ್ಪಾಯ್ತು" ಅಂದರು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹೊಸದಾಗಿ ನೇಮಕವಾದ ನಾಲ್ಕನೇ ಕಥೆಗಾರರು. ನಮಸ್ಕಾರ ಹೇಳಿ, "ಮೇಡಂ, ಅತ್ತೆಗೆ ವಯಸ್ಸಾಯ್ತು. ಮುಂದಿನ ತಿಂಗಳು ಅವರನ್ನ ಮುಗಿಸಿಬಿಟ್ಟರೆ ಹೇಗೆ?" ಅಂದರು.

ಗಲಾಟೆಯಲ್ಲಿ ಕೇಳಿಸಲೆಂದು ಸ್ಪೀಕರಿಗೆ ಹಾಕಿದ್ದೆ, ಪಡಸಾಲೆಗೆಲ್ಲ ಕೇಳಿಸಿತು. ಅತ್ತೆ ಎಲೆ ಅಡಿಕೆ ತಟ್ಟೆ ಮುಂದಕ್ಕೆಳೆದುಕೊಂಡು ನಿಧಾನವಾಗಿ ಹೇಳಿದರು:

"ನೀರೆಲ್ಲ ಚೆಲ್ಲೋಯ್ತು, ನಾನಿನ್ನೂ ಕುಡ್ದಿಲ್ಲ ಅಂತ ಏಳು ಅವ್ನ್ಗೆ."