ಮಸ್ಕತ್ ಕೆಂಪರಾಜುವಿನ ನೂರೆಂಬತ್ನಾಲ್ಕು ದಿನ

ಬಡ್ಡಿಯಲ್ಲಿ ಟಿಡಿಎಸ್ ಎಂದು ಬ್ಯಾಂಕಿನವರು ಮುಂಚೆಯೇ ಹಿಡಿದುಕೊಂಡಿದ್ದ ಒಂಬತ್ತು ಸಾವಿರವನ್ನು ಕೆಂಪರಾಜು ಹಾಳಾಗಿ ಹೋಗಲಿ ಎಂದು ಬಿಟ್ಟಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಮಸ್ಕತ್ತಿನ ಎಣ್ಣೆ ಕಂಪನಿಯಲ್ಲಿ ತಿಂಗಳಿಗೆ ಮೂರು ಲಕ್ಷ ಸಂಬಳದ ಮನುಷ್ಯ. ಆದರೂ ಬರಬೇಕಾದ ಕಾಸು ಬರಲಿಲ್ಲವೆಂದರೆ ಅನ್ನ ಇಳಿಯದು. ರಜಕ್ಕೆ ಊರಿಗೆ ಬಂದಿದ್ದವನು ಅದನ್ನು ವಾಪಸ್ ಕೇಳಲು, ತೆರಿಗೆ ರಿಟರ್ನ್ಸ್ ಹಾಕುವ ಕೊನೆಯ ದಿನ ಬೆಳಿಗ್ಗೆ ಹೆಂಡತಿ ಮಾಲಾಳನ್ನೂ ಕರೆದುಕೊಂಡು ಬಸ್‌ಸ್ಟಾಪಿನ ಜೆರಾಕ್ಸ್ ಅಂಗಡಿಗೆ ಹೋದ. ಶಿಡ್ಲಘಟ್ಟದ ಆಚೀಚೆಯ ಹತ್ತು ಹಳ್ಳಿಗೆ ರಿಟರ್ನ್ಸ್ ತುಂಬಿಕೊಡುವವಳು ಆ ಅಂಗಡಿಯ ಪದ್ಮಶ್ರೀ.

"ಅಣ್ಣಾ, ಹೋದ ಏಪ್ರಿಲಿಂದ ಈ ಮಾರ್ಚ್‌ವರ್ಗೂ ಇಂಡಿಯಾದಲ್ಲಿ ಎಷ್ಟು ದಿನ ಇದ್ರಿ?"

"ಯಾಕಮ್ಮ?"

"ನೂರೆಂಬತ್ತೆರಡು ಮುಟ್ಟಿದ್ರೆ ನೀವು ರೆಸಿಡೆಂಟು. ಮಸ್ಕತ್ ಸಂಬಳಕ್ಕೂ ಇಲ್ಲೇ ತೆರಿಗೆ, ಹೆಚ್ಚುಕಮ್ಮಿ ಎರಡು ಲಕ್ಷ. ಒಂದು ದಿನ ಕಮ್ಮಿಯಾದ್ರೂ ಏನೂ ಇಲ್ಲ, ಒಂಬತ್ತು ಸಾವಿರಾನೂ ವಾಪಸ್."

ಕೆಂಪರಾಜು ಬೆರಳು ಮಡಿಸಿ ಎಣಿಸತೊಡಗಿದ. ಹೋದ ವರ್ಷ ಹಳೆಯ ಕಂಪನಿ ಮುಚ್ಚಿ, ಹೊಸದು ಸಿಗುವವರೆಗೆ ಸರಿಸುಮಾರು ಅರ್ಧ ವರ್ಷ ಊರಲ್ಲೇ ಕೂತಿದ್ದ.

"ಅಂದಾಜಲ್ಲಿ ಒಂದು ನೂರೆಪ್ಪತ್ತು ಹಾಕ್ಬಿಡಮ್ಮ."

"ಏರ್‌ಪೋರ್ಟಿನ ಲೆಕ್ಕ ತೆರಿಗೆಯವರ ಹತ್ರ ಇರ್ತದೆ. ಸುಳ್ಳು ನಾನು ಹಾಕಲ್ಲ. ಪಾಸ್‌ಪೋರ್ಟ್ ಕೊಡಿ."

ಪಾಸ್‌ಪೋರ್ಟ್ ಇತ್ತು, ಸೀಲುಗಳು ಇರಲಿಲ್ಲ. ಭದ್ರವಾಗಿರಲಿ ಎಂದು ಮಾಲಾ ಅದನ್ನು ರೇಷ್ಮೆ ಹುಳು ಸಾಕುವ ಹುಳುಮನೆಯ ಅಟ್ಟದ ಮೇಲಿಟ್ಟಿದ್ದಳು. ಮೊನ್ನೆ ಹೊಸ ಬೆಳೆಗೆಂದು ಅದೇ ಮನೆಗೆ ಬ್ಲೀಚಿಂಗ್ ನೀರು ಹೊಡೆದವಳೂ ಅವಳೇ. ಹಾಳೆಗಳು ಒಗೆದ ಪಂಚೆಯಂತೆ ಬೆಳ್ಳಗಾಗಿದ್ದವು. ಟಿಕೆಟ್ಟಿನ ದಾಖಲೆ ಮುಚ್ಚಿದ ಕಂಪನಿಯ ಜೊತೆಗೇ ಮುಚ್ಚಿಹೋಗಿತ್ತು.

"ಅದಕ್ಯಾಕ್ರೀ ಹಂಗೆ ಬೆವರ್ತೀರ? ನಾನು ಹೇಳ್ತೀನಿ," ಎಂದಳು ಮಾಲಾ. "ನೀವು ಬಂದ ದಿನ ನಮ್ಮ ಹುಳು ಎರಡನೇ ಜ್ವರಕ್ಕೆ ಕೂತಿದ್ವು."

ಹುಳು ಪೊರೆ ಕಳಚಲು ಸೊಪ್ಪು ಬಿಟ್ಟು ಕೂರುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಅದು ಬರುವ ದಿನವೂ, ಗೂಡು ಬಿಡಿಸುವ ದಿನವೂ ಗೊತ್ತಾದದ್ದೇ. ಊರಿನ ಮದುವೆ, ಬಾಣಂತನ, ಜಗಳಗಳನ್ನೆಲ್ಲ ಹೆಂಗಸರು ನೆನಪಿಡುವುದೂ ಹುಳುವಿನ ಲೆಕ್ಕದಲ್ಲೇ.

ಅಂಗಡಿಯ ಬೆಂಚಿನ ಮೇಲೆ ಯಾರದೋ ಪೇಪರು ಓದುತ್ತಿದ್ದ ಪಕ್ಕದ ಮನೆಯ ಮುದುಕ ವೆಂಕಟರವಣಪ್ಪ ತಲೆ ಎತ್ತಿದ. "ಎರಡನೇದಲ್ಲಮ್ಮ, ಮೂರನೇ ಜ್ವರ!"

"ಮೂರನೇದು ನಿಮ್ಮ ಹುಳಕ್ಕೆ ತಾತ. ನಮ್ಮದು ಒಂದು ಜ್ವರ ಹಿಂದಿತ್ತು."

ಹುಳುವಿನ ಮಾತು ಕೇಳಿದ್ದೇ ಬಸ್ಸಿಗೆ ಕಾದಿದ್ದವರೆಲ್ಲ ಒಳಗೆ ನುಗ್ಗಿದರು. ಎರಡು ಬಸ್ಸು ಖಾಲಿಯೇ ಹೋದವು. ಮಾಲಾ ಮನೆಗೆ ಓಡಿ, ಗೂಡಿನ ಮಾರ್ಕೆಟ್ಟಿನ ಚೀಟಿಗಳನ್ನು ಚುಚ್ಚಿಟ್ಟಿದ್ದ ತಂತಿಯನ್ನೇ ಕಿತ್ತು ತಂದಳು. ಆ ಬೆಳೆಯ ಗೂಡು ಮಾರಿದ್ದು ಜುಲೈ ಒಂದಕ್ಕೆ. ಎರಡನೇ ಜ್ವರದಿಂದ ಮಾರ್ಕೆಟ್ಟಿಗೆ ಇಪ್ಪತ್ತೊಂದು ದಿನ. ಹಾಗಾದರೆ ಬಂದದ್ದು ಜೂನ್ ಹತ್ತು. ವಾಪಸ್ ಹೊರಟ ದಿನ ಅವನ ಸೂಟ್‌ಕೇಸೂ ಗೂಡಿನ ಮೂಟೆಯೂ ಒಂದೇ ಆಟೋದಲ್ಲಿ ಹೋಗಿದ್ದವು. ಚೀಟಿಯಲ್ಲಿ ಡಿಸೆಂಬರ್ ಹತ್ತು.

ಪದ್ಮಶ್ರೀ ಕೂಡಿದಳು. "ಬಂದ ದಿನ, ಹೋದ ದಿನ ಎರಡೂ ಸೇರ್ತವೆ. ನೂರೆಂಬತ್ನಾಲ್ಕು."

ಕೆಂಪರಾಜು ಬೆಂಚಿನ ಮೇಲೆ ಕುಸಿದ. ಮೂರೇ ಮೂರು ದಿನಕ್ಕೆ ಎರಡು ಲಕ್ಷ!

"ಅಳಬೇಡ ಕಣಪ್ಪ," ಎಂದ ವೆಂಕಟರವಣಪ್ಪ. "ಆಗಸ್ಟಲ್ಲಿ ಮುನೇಶನ ಜೊತೆ ತಿರುಪತಿಗೆ ಹೋಗಿ ತಲೆ ಗುಂಡು ಹೊಡೆಸ್ಕೊಂಡು ಬಂದ್ಯಲ್ಲ, ನಾಕು ದಿನ. ಅದು ಕಳಿಯಮ್ಮ ಪದ್ಮ."

"ತಾತ, ತಿರುಪತಿ ಇಂಡಿಯಾದಲ್ಲೇ ಇದೆ!"

ಎಲ್ಲರೂ ಗೊಳ್ಳೆಂದು ನಕ್ಕರು. ನಗದಿದ್ದವರು ಇಬ್ಬರೇ. ಬಾಗಿಲಲ್ಲಿ ಟೀ ಕುಡಿಯುತ್ತಿದ್ದ ಗೆಳೆಯ ಮುನೇಶನಿಗೆ ಟೀ ನೆತ್ತಿಗೇರಿತು. ಕೆಂಪರಾಜು ಮಾತ್ರ ಮಾಲಾಳನ್ನೊಮ್ಮೆ, ಕಂಪ್ಯೂಟರನ್ನೊಮ್ಮೆ ನೋಡಿದ. ಹೆಂಡತಿಯ ಕೋಪ ವಾರದಲ್ಲಿ ಇಳಿಯುತ್ತದೆ, ಎರಡು ಲಕ್ಷ ಹೋದರೆ ಹೋದಂತೆಯೇ. ಅವನು ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ.

"ಪದ್ಮಮ್ಮಾ, ಅದು ತಿರುಪತಿ ಅಲ್ಲ. ಕೊಲಂಬೊ."

ಮಾಲಾ ಬಾಗಿಲಲ್ಲಿದ್ದ ಮುನೇಶನತ್ತ ತಿರುಗಿದಳು.

"ಪ್ಯಾಕೇಜಕ್ಕಾ," ಎಂದು ಮುನೇಶ ತೊದಲಿದ. "ಮೂರು ರಾತ್ರಿ, ನಾಕು ದಿನ."

"ತಲೆ?" ಎಂದಳು ಮಾಲಾ.

"ಅಲ್ಲೇ ಒಂದು ಸಲೂನಲ್ಲಿ."

"ಲಡ್ಡು?"

"ಚಿಂತಾಮಣಿ ಬೇಕರೀದು."

"ನಾನು ಸ್ನಾನ ಮಾಡಿ, ಕಣ್ಣಿಗೊತ್ಕೊಂಡು ತಿಂದ್ನಲ್ಲೋ ಪಾಪಿ!" ವೆಂಕಟರವಣಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ.

ಕೆಂಪರಾಜುವಿಗೆ ಈಗ ಯಾವ ನಾಚಿಕೆಯೂ ಉಳಿದಿರಲಿಲ್ಲ. "ನೂರೆಂಬತ್ನಾಲ್ಕರಲ್ಲಿ ನಾಕು ಹೋದ್ರೆ ನೂರೆಂಬತ್ತು! ಹಾಕಮ್ಮ, ಎಲ್ರಿಗೂ ಟೀ ಬಜ್ಜಿ ನಂದು!"

"ಯಾವತ್ತು ಹೋದ್ರಿ, ಯಾವತ್ತು ಬಂದ್ರಿ ಅಣ್ಣ?"

"ಮಂಗಳವಾರ ಬೆಂಗಳೂರಲ್ಲಿ ವಿಮಾನ ಹತ್ತಿದ್ವಿ, ಶುಕ್ರವಾರ ಇಳಿದ್ವಿ."

"ಹಂಗಾದ್ರೆ ಮಂಗಳವಾರಾನೂ ಶುಕ್ರವಾರಾನೂ ಇಂಡಿಯಾದಲ್ಲಿದ್ರಿ. ಹೋದ ದಿನ, ಬಂದ ದಿನ ಎರಡೂ ಸೇರ್ತವೆ ಅಂತ ಆಗಲೇ ಅಂದ್ನಲ್ಲ? ಕಳಿಯೋದು ಬುಧವಾರ, ಗುರುವಾರ. ಎರಡೇ." ಪದ್ಮಶ್ರೀ ಒತ್ತಿ ನೋಡಿದಳು. "ನೂರೆಂಬತ್ತೆರಡು."

"ಅಂದ್ರೆ?"

"ರೆಸಿಡೆಂಟು. ಎರಡು ಲಕ್ಷ."

ಪಕ್ಕದ ಟೀ ಅಂಗಡಿಯಲ್ಲಿ ಬಜ್ಜಿ ಆಗಲೇ ಎಣ್ಣೆಗೆ ಬಿದ್ದಿತ್ತು. ಮಾಲಾ ಚೀಟಿಯ ತಂತಿಯನ್ನು ಎತ್ತಿಕೊಂಡು ಎದ್ದಳು.

"ಸರ್ಕಾರದ ಲೆಕ್ಕದಲ್ಲಿ ಇವರು ಇಲ್ಲೇ ವಾಸ ಇದ್ದೋರು ಆಗಿರ್ಬೋದು ಪದ್ಮ. ನಮ್ಮ ಮನೇಲಿ ಇವತ್ತಿಂದ ಅಲ್ಲ."

ಆ ಸಂಜೆ ಕೆಂಪರಾಜು ಹುಳುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ. ಬ್ಲೀಚಿಂಗ್ ವಾಸನೆಗೆ ಕಣ್ಣಲ್ಲಿ ದಳದಳ ನೀರು. ನೋಡಿದವರು ಪಶ್ಚಾತ್ತಾಪ ಎಂದುಕೊಳ್ಳಬೇಕು. ಬಾಗಿಲ ಸಂದಿಯಿಂದ ಮುದ್ದೆಯ ತಟ್ಟೆ ಒಳಗೆ ಬಂತು. ಹಿಂದೆಯೇ ಮಾಲಾಳ ದನಿ ಬಂತು.

"ಸೋಮವಾರ ಹುಳು ಬರ್ತವೆ, ಅಷ್ಟರಲ್ಲಿ ಜಾಗ ಖಾಲಿ ಮಾಡಿ. ತಿರುಪತಿಗೆ ಹೋಗಿ ಆ ಸ್ವಾಮಿಗೆ ಬಾಕಿ ಇರೋ ಕೂದಲು ಕೊಟ್ಟು ಬನ್ನಿ. ಬರ್ತಾ ತಾತನಿಗೆ ನಿಜವಾದ ಲಡ್ಡು ತನ್ನಿ."