ಲಿಫ್ಟಿಗೂ ಸೀಲಿಂಗಿಗೂ ನಡುವೆ ಒಂದು ಲಟ್ಟಣಿಗೆ

ಚಿಕ್ಕಪ್ಪನ ಮನೆಗೆ ಹೊಸ ಯಂತ್ರ ಯಾವುದೇ ಬರಲಿ, ಅದಕ್ಕಿಂತ ಮೊದಲು ಭಯ ಬರುತ್ತದೆ. ನಗು ಬರುವುದು ಎಲ್ಲರೂ ತಮ್ಮ ಕೈಕಾಲು ನೆಟ್ಟಗಿವೆಯೇ ಎಂದು ನೋಡಿಕೊಂಡ ಮೇಲೆ.

ಬಾಗಲಗುಂಟೆಯ ಆ ಮನೆಯಲ್ಲಿ ಕಾರು ಎರಡು, ಪಾರ್ಕಿಂಗ್ ಒಂದು. ರಸ್ತೆಯಲ್ಲಿ ನಿಲ್ಲಿಸಿದ್ದ ಹೊಸ ಕಾರಿನ ಕನ್ನಡಿಯನ್ನು ನೀರಿನ ಟ್ಯಾಂಕರ್ ಕಿತ್ತುಕೊಂಡು ಹೋಯಿತು. "ಹಳೇದನ್ನ ಗುಜರಿಗೆ ಹಾಕಿ" ಎಂದರು ಚಿಕ್ಕಮ್ಮ. ಹಳೇ ಕಾರು ಚಿಕ್ಕಪ್ಪನ ಪ್ರಾಣ. ಒಂದರ ಮೇಲೊಂದು ಕಾರು ನಿಲ್ಲಿಸುವ ಲಿಫ್ಟ್ ಹಾಕಿಸಲು ಹೊರಟರು. ಪಾರ್ಕಿಂಗಿನ ನೆತ್ತಿಯ ಮೇಲೆಯೇ ಅಡುಗೆಮನೆ. ಚಿಕ್ಕಮ್ಮ ಒಂದೇ ಷರತ್ತು ಹಾಕಿದರು: "ಸೀಲಿಂಗಿಗೆ ಒಂದು ಗೀರು ಬಿದ್ರೂ ಅವತ್ತೇ ಆ ಡಬ್ಬ ಗುಜರಿಗೆ."

ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಓದಿದ್ದು ಫಿಸಿಕ್ಸ್. ಹಾಗಾಗಿ ಸೀಲಿಂಗಿನ ಹೊಣೆ ನನಗೆ ಬಂತು.

೧. ಬೀಮ್

ನೆಲದಿಂದ ಸೀಲಿಂಗಿಗೆ ಟೇಪ್ ಹಿಡಿದೆ. ಎರಡು ಕಾರಿನ ಎತ್ತರ ಕೂಡಿಸಿದೆ, ನಡುವಿನ ಕಬ್ಬಿಣದ ಹಲಗೆಯ ದಪ್ಪ ಸೇರಿಸಿದೆ. ಜಾಗ ಸಾಕು ಎಂದೆ. ಚಿಕ್ಕಪ್ಪ ನನ್ನ ಬೆನ್ನು ತಟ್ಟಿದರು. ಆಮೇಲೆ ತಲೆ ಎತ್ತಿ ನೋಡಿದರೆ ಸೀಲಿಂಗಿನಿಂದ ಕೆಳಕ್ಕೆ ಇಳಿದಿರುವ ಬೀಮ್. ಮತ್ತೆ ಲೆಕ್ಕ ಹಾಕಿದೆ. ಹಿಡಿಸುತ್ತಿತ್ತು, ಆದರೆ ಕೂದಲೆಳೆಯಲ್ಲಿ.

"ಆ ಬೀಮ್ ಸ್ವಲ್ಪ ಕೆತ್ಸಿದ್ರೆ?" ಎಂದರು ಚಿಕ್ಕಪ್ಪ.

"ಅದರ ಮೇಲೆ ಮನೆ ನಿಂತಿದೆ ಚಿಕ್ಕಪ್ಪ!"

"ಗೊತ್ತು ಕಣೋ. ನಿಮ್ ಚಿಕ್ಕಮ್ಮ ಊರಿಗೆ ಹೋದಾಗ ಕೆತ್ಸೋಣ."

೨. ಸಂಪು

ಲಿಫ್ಟಿನ ಕಂಬಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ಲಿಫ್ಟ್ ಕೂರಿಸಲು ಬಂದ ಫಿಟ್ಟರ್ ಡ್ರಿಲ್ ನೆಲಕ್ಕೆ ಊರಿದ. ಆಗ ನನಗೆ ಹೊಳೆಯಿತು.

"ಚಿಕ್ಕಪ್ಪ, ನೀರಿನ ಸಂಪು ಎಲ್ಲಿದೆ?"

"ಇಲ್ಲೇ ಎಲ್ಲೋ."

ಫಿಟ್ಟರ್ ಎರಡು ಹೆಜ್ಜೆ ಹಿಂದೆ ಸರಿದ. "ಎಲ್ಲೋ ಅಂದ್ರೆ ಎಂಗೆ ಸಾರ್? ನಾನು ನಿಂತಿರೋದು ಎಲ್ಲಿ?"

ಹಳೇ ಟೈಲ್ಸ್ ಮೇಲೆ ಹೊಸ ಟೈಲ್ಸ್ ಹಾಕಿಸಿದಾಗ ಸಂಪಿನ ಮುಚ್ಚಳವನ್ನು ಗೇಟಿನ ಮೂಲೆಗೆ ಸರಿಸಿದ್ದರಂತೆ. ತೊಟ್ಟಿ ಅಲ್ಲಿಂದ ಎಷ್ಟು ದೂರ ಹಬ್ಬಿದೆ ಎಂಬುದು ಯಾರಿಗೂ ನೆನಪಿಲ್ಲ. ಮೂವರೂ ನೆಲಕ್ಕೆ ಕಿವಿ ಹಚ್ಚಿ ಕೂತೆವು. ಉಸಿರು ಬಿಗಿಹಿಡಿದು ಫಿಟ್ಟರ್ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದ. ಅವನ ಮಂಡಿಯ ಕೆಳಗಿನಿಂದಲೇ ಗುಳುಗುಳು ಸದ್ದು ಬಂತು. ಮೂವರೂ ರಸ್ತೆಗೆ ಓಡಿದೆವು.

ಮೇಲಿನ ಕಿಟಕಿಯಿಂದ ಚಿಕ್ಕಮ್ಮ ಇಣುಕಿದರು. "ಕಾವೇರಿ ನೀರು ಬಂದಿದೆ. ಮೂರು ಜನ ಸ್ವಾಗತಕ್ಕೆ ನಿಂತಿದ್ದೀರಾ?"

ಕಂಬಗಳು ಗೋಡೆಯ ಕಡೆ, ಗಟ್ಟಿ ನೆಲಕ್ಕೆ ಸರಿದವು. ಫಿಟ್ಟರ್ ಅಂದು ಪೂರ್ತಿ ತುದಿಗಾಲಲ್ಲೇ ನಡೆದ.

೩. ಪರೀಕ್ಷೆ

ಹಳೇ ಕಾರನ್ನು ಹಲಗೆಯ ಮೇಲೆ ನಿಲ್ಲಿಸಿ ಗುಂಡಿ ಒತ್ತಿದೆವು. ಲಿಫ್ಟಿನ ಕೊಂಡಿ ಟಕ್ ಎನ್ನುತ್ತ ಕಂಬದ ಒಂದೊಂದೇ ಹಲ್ಲಿಗೆ ಸಿಕ್ಕಿಕೊಂಡು ಏರುತ್ತಿತ್ತು. ಪ್ರತಿ ಟಕ್ಕಿಗೂ ಚಿಕ್ಕಪ್ಪ "ಶಿವಾ" ಎಂದರು. ಬೀಮ್ ಹತ್ತಿರವಾದಂತೆ ಟಕ್ ಇಲ್ಲದೆಯೂ ಶಿವಾ ಕೇಳಿಸತೊಡಗಿತು. ಬೀಮಿಗೆ ಇನ್ನೇನು ತಾಗಬೇಕು ಎನ್ನುವಾಗ ನಿಲ್ಲಿಸಿದೆ.

"ಎಷ್ಟು ಸಂದಿದೆ, ಕೈ ಹಾಕಿ ನೋಡಿ ಸಾರ್" ಎಂದ ಫಿಟ್ಟರ್.

ನಾನು ಚಿಕ್ಕಪ್ಪನ ಮುಖ ನೋಡಿದೆ. ಅವರು ಫಿಟ್ಟರನ ಮುಖ ನೋಡಿದರು. ಚಿಕ್ಕಮ್ಮ ಲಟ್ಟಣಿಗೆ ಹಿಡಿದು ಇಳಿದು ಬಂದರು, ಏಣಿ ಹತ್ತಿ ಸಂದಿಗೆ ಅದನ್ನು ತೂರಿಸಿದರು. ಸಲೀಸಾಗಿ ಹೋಯಿತು. ಲಿಫ್ಟ್ ಅದೇ ಎತ್ತರಕ್ಕೆ ತಾನಾಗಿ ನಿಲ್ಲುವಂತೆ ಫಿಟ್ಟರ್ ಸ್ವಿಚ್ ಕೂರಿಸಿದ.

"ಪಾಸು" ಎಂದರು ಚಿಕ್ಕಮ್ಮ. "ಇವತ್ತು ಚಪಾತಿ ಇಲ್ಲ. ಇದಕ್ಕೆ ಗ್ರೀಸ್ ಮೆತ್ತಿದೆ."

೪. ಪೂಜೆ

ಶುಕ್ರವಾರ ಪೂಜೆ. ಹಲಗೆಯ ಸಮೇತ ಕೆಳಗಿಳಿಸಿದ್ದ ಹಳೇ ಕಾರಿಗೆ ಮೂರೆಳೆ ವಿಭೂತಿ ಬಳಿದರು. ದೃಷ್ಟಿಯಾಗದಿರಲೆಂದು ಚಿಕ್ಕಮ್ಮ ದಪ್ಪನೆಯ ಬೂದುಗುಂಬಳಕ್ಕೆ ಕುಂಕುಮ ಮೆತ್ತಿ ಸೀಲಿಂಗಿನ ಕೊಕ್ಕೆಗೆ ಕಟ್ಟಿದರು. ಎಲ್ಲರೂ ಅದಕ್ಕೆ ಕೈ ಮುಗಿದೆವು. ನಾನೂ ಮುಗಿದೆ.

ಚಿಕ್ಕಮ್ಮ ಆರತಿ ತಟ್ಟೆ ತರಲು ಒಳಗೆ ಹೋದರು. ನಾನು ಬೀಮಿನಿಂದ ಕಣ್ಣು ಕೀಳದೆ ಗುಂಡಿ ಒತ್ತಿದೆ. ಟಕ್. ಟಕ್. ಇದ್ದಕ್ಕಿದ್ದಂತೆ ಮೇಲಿನಿಂದ ಏನೋ ಪಟಾರನೆ ಒಡೆದ ಸದ್ದು. ಲಿಫ್ಟ್ ನಿಲ್ಲಿಸಿದೆ. ಹಲಗೆಯ ಅಂಚಿನಿಂದ ಕೆಂಪಗೆ ತೊಟ್ಟಿಕ್ಕತೊಡಗಿತು.

ಪಕ್ಕದಲ್ಲಿ ಫಿಟ್ಟರ್ ಇದ್ದ. ಚಿಕ್ಕಪ್ಪ ಇರಲಿಲ್ಲ.

"ಚಿಕ್ಕಪ್ಪಾ!" ಎಂದೆ. ಚಿಕ್ಕಮ್ಮ ಹೊರಗೆ ಬಂದವರು ಕೆಂಪು ಹನಿ ಕಂಡರು. ಆರತಿ ತಟ್ಟೆ ಕೈಯಿಂದ ಜಾರಿತು. "ರೀ! ಎಲ್ಲಿದ್ದೀರೀ?" ನನ್ನ ಕಾಲು ನೆಲಕ್ಕೆ ಬೋಲ್ಟ್ ಹಾಕಿದಂತೆ ನಿಂತುಬಿಟ್ಟಿತ್ತು.

ರಸ್ತೆಯಿಂದ ಹಾರ್ನ್ ಕೇಳಿಸಿತು. ಹೊಸ ಕಾರಿನ ಗಾಜು ಇಳಿಸಿ ಚಿಕ್ಕಪ್ಪ ಕೂಗಿದರು, "ಬೇಗ ಎತ್ತೋ ಮಗಾ, ಹಿಂದೆ ಆಟೋದವನು ಬೈತಿದ್ದಾನೆ!" ಕೆಳಗೆ ನಿಲ್ಲಿಸಬೇಕಾದ ಕಾರನ್ನು ತರಲು ಯಾವಾಗಲೋ ಹೋಗಿದ್ದರು.

ಒಳಗೆ ಬಂದ ಚಿಕ್ಕಪ್ಪ ನೋಡಿದ್ದು ಸೀಲಿಂಗನ್ನು. ಅಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ. ಹಳೇ ಕಾರಿನ ನೆತ್ತಿಯ ತುಂಬ ಕುಂಬಳದ ತಿರುಳು, ಬೀಜ. ಅವರು ತಲೆ ತಗ್ಗಿಸಿ ಫೋನ್ ತೆಗೆದರು. "ಗುಜರಿಯವನಿಗೆ ಹೇಳ್ತೀನಿ."

ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಫೋನ್ ಕಿತ್ತುಕೊಂಡರು. "ಗೀರೆಲ್ಲಿದೆ ಇಲ್ಲಿ? ಅದು ಕುಂಕುಮ."

"ಅಲ್ಲ ಕಣೇ, ಕುಂಬಳಕಾಯಿ ಕಟ್ಟಿದ್ದು..."

ಚಿಕ್ಕಮ್ಮ ಅವರಿಗೆ ಮಾತು ಮುಗಿಸಲು ಬಿಡಲಿಲ್ಲ. ನನ್ನ ಕಡೆ ತಿರುಗಿದರು. "ಫಿಸಿಕ್ಸ್ ಓದಿದವನು ನೀನು. ಲಟ್ಟಣಿಗೆ ಹಿಡಿಸೋ ಜಾಗದಲ್ಲಿ ಕುಂಬಳಕಾಯಿ ಹಿಡಿಸುತ್ತಾ ಅಂತ ನೋಡೋದು ಬೇಡ್ವಾ?"