ಬೆಟಗೇರಿ ಖಾನಾವಳಿಯಲ್ಲಿ ಬೋರಗೌಡ ಸೇತುವೆ ಕಾಯ್ದದ್ದು

ಕೇಳಿರಿ, ಕೈತೊಳೆದು ತಾಟಿನ ಮುಂದೆ ಕುಳಿತ ಸಮಸ್ತ ಸಜ್ಜನರೇ, ಕೇಳಿರಿ! ಕೃತಯುಗ ಕಳೆದು, ತ್ರೇತಾಯುಗ ಉರುಳಿ, ದ್ವಾಪರವೂ ಬಾಡಿಗೆ ಮನೆ ಬಿಟ್ಟವರಂತೆ ಹೇಳದೆ ಕೇಳದೆ ಹೊರಟುಹೋದ ಮೇಲೆ, ಕಲಿಯುಗದ ಹೊಟ್ಟೆಯೊಳಗೆ ರಿಮೋಟ್ ಯುಗವೆಂಬ ಮರಿಯುಗವು ನಡೆಯುತ್ತಿದ್ದ ಕಾಲದಲ್ಲಿ, ಗದಗಿನ ಮಗ್ಗುಲ ಬೆಟಗೇರಿಯಲ್ಲಿ ರೊಟ್ಟಿತಾಡನಘೋಷನಿನಾದಿತವೂ ಒಗ್ಗರಣೆಧೂಮಪಟಲಾವೃತವೂ ಶೇಂಗಾಚಟ್ನಿಪರಿಮಳಪರಿವೇಷ್ಟಿತವೂ ಆದ ಸಂಗಮೇಶ್ವರ ಖಾನಾವಳಿಯೆಂಬ ಮಹಾರಾಜಧಾನಿಯೊಂದು ಬೆಳಗುತ್ತಿತ್ತು. ಅದನ್ನು ಆಳುತ್ತಿದ್ದವನು ಸೌಟಾಯುಧಪಾಣಿ, ಸಾರುಭಾಂಡಧುರಂಧರ, ಗಿರಾಕಿಗಣಹೃದಯಚೋರ ಫಕೀರೇಶ. ಹೀಗೆಂದು ಹೊರಗಿನ ಬೋರ್ಡು ಹೇಳುತ್ತಿತ್ತು. ಒಳಗೆ ಆಳುತ್ತಿದ್ದವಳು ಅವನ ಹೆಂಡತಿ ದ್ಯಾಮವ್ವ.

ಈ ಫಕೀರೇಶನ ಎದೆಯೊಳಗೆ ಒಂದು ಸಿಂಹವಿತ್ತು. ಹರೆಯದಲ್ಲಿ ಊರ ನಾಟಕದಲ್ಲಿ ಪಾತ್ರ ಕೇಳಿ ಅಂಗಲಾಚಿದಾಗ ಅವನಿಗೆ ಸಿಕ್ಕಿದ್ದು ದ್ವಾರಪಾಲಕನ ವೇಷ, ಅದಕ್ಕೊಂದೇ ಮಾತು: 'ಅಪ್ಪಣೆ, ಮಹಾಪ್ರಭು.' ಅದನ್ನೂ ಅವನು ಹೇಳುವಷ್ಟರಲ್ಲಿ ಪರದೆ ಬಿದ್ದಿತ್ತು. ಆಮೇಲೆ ಮದುವೆ, ಆಮೇಲೆ ಖಾನಾವಳಿ. ಅಲ್ಲಿಂದೀಚೆಗೆ ಆ ಸಿಂಹದ ಬಾಯಿಂದ ಹೊರಟ ಗರ್ಜನೆಯೆಲ್ಲ ಒಂದೇ: 'ಸಾರು ಹಾಕಲೇನ್ರಿ?' ಬೇಡ ಎಂದವರ ತಾಟಿಗೂ ಒಂದು ಸೌಟು ಬೀಳುತ್ತಿತ್ತು. ಅದು ಆ ಖಾನಾವಳಿಯ ಕುಲಧರ್ಮ.

ಹೀಗಿರಲು, ದ್ಯಾಮವ್ವನ ತಮ್ಮ ತನಗೊಂದು ಹೊಸ ವಿಡಿಯೋ ಗೇಮಿನ ಪೆಟ್ಟಿಗೆ ಕೊಂಡು ಹಳೆಯದನ್ನು ತಂದು ಖಾನಾವಳಿಯ ಟೀವಿಗೆ ಜೋಡಿಸಿಟ್ಟುಹೋದ. ಅದರಲ್ಲಿದ್ದದ್ದು ಒಂದೇ ಆಟ. ಆ ಆಟವಾದರೂ ಎಂಥದು! ಅರ್ಧ ಮಾತು, ಅರ್ಧ ಕಾಳಗ. ರಾಜರು, ರಾಣಿಯರು, ದ್ರೋಹಿಗಳು ಪರದೆಯ ಮೇಲೆ ಎದುರುಬದುರು ನಿಂತು ಇಂಗ್ಲೀಷಿನಲ್ಲಿ ಅಕ್ಷರ ಅಕ್ಷರವಾಗಿ ಮಾತಾಡುವರು. ಗುಂಡಿ ಒತ್ತಿದರೆ ಮುಂದಿನ ಮಾತು. ಮಾತು ಮುಗಿದರೆ ಚೌಕಾಬಾರದ ಮನೆಗಳಂಥ ಮನೆಗಳು ಮೂಡಿ, ಅದರ ಮೇಲೆ ಒಬ್ಬೊಬ್ಬ ಸೈನಿಕನನ್ನು ನಡೆಸಿ ಕಾದಾಡಬೇಕು. ಸತ್ತವನು ಸತ್ತೇ ಹೋದ, ಬಿಟ್ಟುಹೋದವನು ಬಿಟ್ಟೇ ಹೋದ.

ಆ ಸೇನೆಗೆ ಬೋರ್ಗನ್ ಎಂಬ ಬಿಳಿಗಡ್ಡದ ಸೇನಾಪತಿಯಿದ್ದ. ಫಕೀರೇಶ ಅವನಿಗೆ ಮೊದಲ ದಿನವೇ ಬೋರಗೌಡನೆಂದು ನಾಮಕರಣ ಮಾಡಿದ. ರಾಣಿ ಎಲಾರಿಯಾ ಎಲ್ಲವ್ವನಾದಳು. ಹೊದಿಕೆ ಹರಿದ ಡಿಕ್ಷನರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಸಾಲು ಇಂಗ್ಲೀಷಿಗೆ ಒಂಬತ್ತು ಸಾಲು ಕನ್ನಡ ಸುರಿದು, ಅರ್ಥವಾಗದ ಕಡೆ ಸ್ವಂತದ್ದನ್ನೇ ಸೇರಿಸಿ, ಎದ್ದು ನಿಂತು, ಭುಜ ಕುಣಿಸಿ, ಬೋರಗೌಡನ ಮಾತನ್ನು ಅವನು ಆಡತೊಡಗಿದರೆ ಮೇಲಿನ ತಗಡು ನಡುಗುತ್ತಿತ್ತು. ದ್ವಾರಪಾಲಕನ ಗಂಟಲಲ್ಲಿ ಇಪ್ಪತ್ತು ವರ್ಷ ಸಿಕ್ಕಿಬಿದ್ದಿದ್ದ ಮಹಾಪ್ರಭು ಕೊನೆಗೂ ಹೊರಬಂದಿದ್ದ. ಬಾಕಿ ಪಾತ್ರಗಳದ್ದು ಗಿಡ್ಡ ಮಾತು. ಉದ್ದ ಭಾಷಣವೆಲ್ಲ ಬೋರಗೌಡನದೇ.

ಇದಕ್ಕೆ ಪ್ರೇಕ್ಷಕಿ ಒಬ್ಬಳಿದ್ದಳು, ರೊಟ್ಟಿ ಬಡಿಯುವ ಮುದುಕಿ ಶಂಕ್ರವ್ವ. ಮಧ್ಯಾಹ್ನದ ಗದ್ದಲ ಇಳಿದು, ಶಟರು ಅರ್ಧ ಕೆಳಗೆಳೆದ ಮೇಲೆ ಅವಳು ಸಂಜೆಯ ರೊಟ್ಟಿಗೆ ಕೂರುವಳು. ಕೈ ಹಿಟ್ಟಿನ ಮೇಲೆ, ಕಣ್ಣು ಟೀವಿಯ ಮೇಲೆ.

"ಮುಂದ ಏನಾತೋ ಪಕೀರಾ? ಎಲ್ಲವ್ವಗ ಅವರಪ್ಪ ಸಿಕ್ಕನೋ ಇಲ್ಲೋ?"

"ತಡಿ ಶಂಕ್ರತ್ತಿ. ಬೋರಗೌಡ ಇನ್ನೂ ಉಸರ ತಗೋಳಾಕತ್ತಾನ."

ಆಗ ಸಿಡಿಯುವವಳು ದ್ಯಾಮವ್ವ. ಆ ರಣಚಂಡಿಗೆ ಮಾತೆಂದರೆ ಬಡಿಸುವುದಕ್ಕೆ ಮುಂಚಿನ ಕಸಗುಡಿಸುವ ಕೆಲಸ. ಮಧ್ಯಾಹ್ನದ ನೂಕುನುಗ್ಗಲಲ್ಲಿ ದಪ್ಪ ದಲ್ಲಾಳಿಯನ್ನು ಯಾವ ಬೆಂಚಿನ ತುದಿಗೆ ಕೂರಿಸಿದರೆ ಹಿಂದಿನವರು ಏಳಲಾರರು, ಅವಸರದ ಬಸ್ ಕಂಡಕ್ಟರನನ್ನು ಎಲ್ಲಿಟ್ಟರೆ ಬೇಗ ಎದ್ದಾನು ಎಂಬುದನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಆ ಆಸನವ್ಯೂಹವಿಶಾರದೆಗೆ, ಪರದೆಯ ಮೇಲಿನ ಮನೆಗಳು ಬೆಂಚುಗಳಂತೆಯೇ ಕಾಣುತ್ತಿದ್ದವು.

"ಸಾಕ್ ಮಾಡ್ರಿ ಇನ್ನ. ನಿಮ್ಮ ಭಾಷಣ ಮುಗಿಯೂದ್ರಾಗ ವೈರಿಗೋಳು ತಾವ ಮುಪ್ಪಾಗಿ ಸಾಯ್ತಾರ."

"ಏ ದ್ಯಾಮಿ, ಯಾಕ ಬಡದಾಡಾಕತ್ತೇವಿ ಅನ್ನೂದ ಗೊತ್ತಿಲ್ಲಂದ್ರ, ಬಡದಾಡಿ ಏನ್ ಉಪಯೋಗ?"

"ಯಾಕಂದ್ರೇನು? ಕೆಂಪ ಬಣ್ಣದವ್ರು ವೈರಿಗೋಳು, ನೀಲಿ ಬಣ್ಣದವ್ರು ನಮ್ಮವ್ರು. ಮತ್ತೇನ್ ಬೇಕು ನಿಮಗ?"

ಕೊನೆಗೆ ಶಂಕ್ರವ್ವನ ಸಮಕ್ಷಮದಲ್ಲಿ ಒಡಂಬಡಿಕೆಯಾಯಿತು: ಮಾತೆಲ್ಲ ಫಕೀರೇಶನದು, ಕಾಳಗವೆಲ್ಲ ದ್ಯಾಮವ್ವನದು. ಒಬ್ಬರ ಸೀಮೆಗೆ ಇನ್ನೊಬ್ಬರು ಬೆರಳು ಹಾಕತಕ್ಕದ್ದಲ್ಲ.

ಇನ್ನು ಕೇಳಿರಿ, ಒಡಂಬಡಿಕೆ ಮುರಿದ ಕಥೆಯನ್ನು.

ಆ ಆಟದಲ್ಲಿ ಕಲ್ಲುಸೇತುವೆಯ ಕಾಳಗವೆಂಬುದೊಂದಿತ್ತು. ಮೂರು ಮಧ್ಯಾಹ್ನ ದ್ಯಾಮವ್ವ ಸೋತಿದ್ದಳು. ಸೋತ ಸಿಟ್ಟಿಗೆ ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದು, ಗಿರಾಕಿಗಳು ನೀರು ಕುಡಿದೇ ಹೊಟ್ಟೆ ತುಂಬಿಸಿಕೊಂಡು ಹೋಗಿದ್ದರು. ನಾಲ್ಕನೆಯ ಮಧ್ಯಾಹ್ನ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಅದುವರೆಗೆ ಗೆದ್ದ ಕವಚಗಳಲ್ಲೇ ಅತ್ಯುತ್ತಮವಾದ ಬೆಳ್ಳಿಕವಚವನ್ನು ಬೋರಗೌಡನಿಗೆ ತೊಡಿಸಿ, ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ ಅವನನ್ನು ಸೇತುವೆಯ ಬಾಯಿಗೆ ನಿಲ್ಲಿಸಿ, ಬಿಲ್ಲುಗಾರರನ್ನು ಅವನ ಬೆನ್ನಿಗಿಟ್ಟಳು. ಕೆಂಪು ಸೇನೆ ಬಂತು, ಬಡಿಯಿತು, ಬಡಿದು ಬಡಿದು ತಾನೇ ಬಿತ್ತು. ತನ್ನ ಕಡೆಯ ಒಬ್ಬನೂ ಸಾಯದೆ ಕಾಳಗ ಮುಗಿಯಿತು! ಜಯಭೇರಿ ಮೊಳಗಿತು!

ಫಕೀರೇಶ ಆ ಮುಹೂರ್ತದಲ್ಲಿ ಎಲ್ಲಿದ್ದ? ಹೊರಗೆ, ಗ್ಯಾಸ್ ಸಿಲಿಂಡರನ್ನು ಉರುಳಿಸುತ್ತಿದ್ದ.

"ರೀ, ಗೆದ್ದೆ! ಮಾತು ಸುರು ಆತು, ಬರ್ರಿ!"

"ಬಂದೆ, ತಡಿ! ಗುಂಡಿ ಮುಟ್ಟಬ್ಯಾಡ!"

ದ್ಯಾಮವ್ವ ತಡೆದಳು. ಎಷ್ಟು ತಡೆದಾಳು? ಆ ಮಾತಿನ ಆಚೆಗೆ, ಗೆದ್ದವರಿಗೆ ಕೊಡುವ ಹೊಸ ಭರ್ಚಿಯಿತ್ತು. ಆ ಭರ್ಚಿಗೂ ಅವಳಿಗೂ ನಡುವೆ ಬಿಳಿಗಡ್ಡದ ಮುದುಕನೊಬ್ಬ ಬಾಯಿ ತೆರೆದುಕೊಂಡು ನಿಂತಿದ್ದ. ಅವಳ ಹೆಬ್ಬೆರಳು ಒಮ್ಮೆ ಒತ್ತಿತು. ಆಮೇಲೆ ಅದಕ್ಕೆ ರುಚಿ ಹತ್ತಿತು. ಟಕ ಟಕ ಟಕ ಟಕ. ಭರ್ಚಿ ಬಂತು. ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಆಟವನ್ನು ಬರೆದಿಟ್ಟುಕೊಂಡಿತು; ಆದದ್ದನ್ನು ಇನ್ನು ಬದಲಿಸುವಂತಿಲ್ಲ.

ಮುಂಗೈಯ ಬೆವರೊರೆಸುತ್ತ ಒಳಬಂದ ಫಕೀರೇಶ ಸೇನೆಯ ಸಾಲನ್ನು ನೋಡಿದ. ಎಲ್ಲವ್ವನಿದ್ದಳು, ಬಿಲ್ಲುಗಾರರಿದ್ದರು. ಬೋರಗೌಡ ನಿಲ್ಲುವ ಜಾಗ ಖಾಲಿ.

"ದ್ಯಾಮಿ, ನಮ್ಮ ಬೋರಗೌಡ ಎಲ್ಲಿ?"

"ಅಲ್ಲೇ ಎಲ್ಲೋ ಇರಬೇಕ ನೋಡ್ರಿ."

"ಎಲ್ಲೂ ಇಲ್ಲ! ಏನ್ ಮಾಡಿದಿ ಅವನ್ನ?"

"ನಾ ಏನ್ ಮಾಡಲಿ? ಎರಡ ಮಾತು ಒತ್ತಿದೆ."

ರೊಟ್ಟಿಯ ಸದ್ದು ನಿಂತಿತು. ಶಂಕ್ರವ್ವನೇ ಸಾಕ್ಷಿ ನುಡಿದಳು. "ಎರಡಲ್ಲಪಾ, ಭಾಳ ಒತ್ತಿದ್ಲು. ನಡುವ ಆ ಮುದುಕ ಏನೋ ಕೇಳಿದಂಗಿತ್ತು. ಕೆಳಗ ಎರಡು ಮನಿ ಮೂಡಿದ್ವು. ಈಕಿ ಮ್ಯಾಲಿಂದು ಒತ್ತಿದ್ಲು. ಅಂವಾ ಕೈ ಮುಗದು ಹೊಂಟಹೋದ."

ಕೇಳಿದಿರಾ ಮಹಾಜನರೇ! ಒಬ್ಬ ಸೇನಾಪತಿ ತನ್ನ ಬಾಳಿನ ಏಕೈಕ ಪ್ರಶ್ನೆ ಕೇಳಿದಾಗ, ಅದಕ್ಕೆ ಉತ್ತರ ಕೊಟ್ಟದ್ದು ಭರ್ಚಿಯ ಆಸೆಗೆ ಬಿದ್ದ ಒಂದು ಹೆಬ್ಬೆರಳು! ಫಕೀರೇಶನ ಕಣ್ಣು ಕೆಂಪಾಯಿತು, ಸಿಲಿಂಡರು ಎತ್ತಿದ ತೋಳು ಮೇಲೆದ್ದಿತು, ಹಾಗೆ ಎದ್ದ ತೋಳಿಗೆ ಏನು ಮಾಡಬೇಕೆಂದು ತಿಳಿಯದೆ ಅದು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಕೆಳಗಿಳಿಯಿತು.

"ಎಲೈ ಪಾಪಿಷ್ಠೆ!" ಎಂದು ಅವನು ಬೋರಗೌಡನ ಕಂಠದಲ್ಲೇ ಮೊಳಗಿದ. "ಸಮುದ್ರದಂಥ ಸೇನೆಗೆ ಒಡ್ಡು ಕಟ್ಟಿದ ವೀರನನ್ನು, ಬಿಳಿಗಡ್ಡದ ಭೀಷ್ಮಾಚಾರ್ಯನನ್ನು, ಒಂದು ಕಬ್ಬಿಣದ ಕಡ್ಡಿಗಾಗಿ ಮಾರಿದೆಯಾ? ನಿನ್ನ ಭರ್ಚಿಗೆ ತುಕ್ಕು ಹಿಡಿಯಲಿ! ನಿನ್ನ ಜಯಕ್ಕೆ..." ಇಲ್ಲಿಗೆ ಕಂಠ ಫಕೀರೇಶನದೇ ಆಯಿತು. "ಇನ್ನ ನಾ ಏನ್ ಮಾತಾಡಲೇ, ದ್ಯಾಮಿ? ಎಲ್ಲವ್ವಂದು ಎರಡ ಮಾತು. ಬಾಕಿದವ್ರು ಹ್ಞೂಂ, ಊಹ್ಞೂಂ ಅಂತಾರ. ನನಗ ಉಳಿಯೂದು ಸಾರು ಹಾಕಲೇನ್ರಿ ಅಷ್ಟ."

ದ್ಯಾಮವ್ವನೂ ಎದ್ದಳು. ಅವಳೇನು ಕಡಿಮೆಯೇ?

"ಮೂರ ದಿನಾ ಸೋತಾಕಿ ನಾನು! ಬೆರಳು ಬಾತಾಕಿ ನಾನು! ಆ ಮುದುಕನ್ನ ನಿಲ್ಲಸಬೇಕಾದಲ್ಲಿ ನಿಲ್ಲಿಸಿ, ಬಡಿಸಿಕೊಳ್ಳೂದ ಬಡಿಸಿಕೊಂಡು, ಒಬ್ರೂ ಸಾಯದಂಗ ಗೆದ್ದಾಕಿ ನಾನು! ನಿಮ್ಮ ಬೋರಗೌಡ ಬಾಯಿಲೆ ಸೇತುವಿ ಕಾಯ್ತಾನ, ನಾ ಕೈಲೆ ಕಾಯ್ತೀನಿ. ಮಾತಿಗೆ ಒಂದು ಮುದುಕ ಹೋದ್ರ ಹೋಗವಲ್ಲ್ಯಾಕ, ಅವನ ಮೈಮ್ಯಾಲಿನ..."

ಅವಳು ತಟ್ಟನೆ ಪರದೆಯ ಕಡೆ ತಿರುಗಿದಳು.

"ಅಯ್ಯ! ನನ್ನ ಬೆಳ್ಳಿಕವಚಾ!"

ಹೌದು. ಬೋರಗೌಡ ಬರಿಗೈಯಲ್ಲಿ ಹೋಗಿರಲಿಲ್ಲ. ಸೇನೆಯಲ್ಲಿದ್ದ ಏಕಮಾತ್ರ ಬೆಳ್ಳಿಕವಚವನ್ನು ತೊಟ್ಟುಕೊಂಡೇ ಹೋಗಿದ್ದ. ದ್ಯಾಮವ್ವ ಹಣೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದಳು. ಗಂಡ ಮಾತಿಗಾಗಿ ಅತ್ತ, ಹೆಂಡತಿ ಕವಚಕ್ಕಾಗಿ ಅತ್ತಳು. ಒಂದೇ ಹೆಣದ ಮುಂದೆ ಎರಡು ಬೇರೆ ಬೇರೆ ದುಃಖ. ಆ ದೃಶ್ಯ ಕಂಡು ಹಂಚಿನ ಮೇಲಿನ ರೊಟ್ಟಿ ಕೂಡ ಕಪ್ಪಾಯಿತು.

"ಅಳೂದು ಬಿಡ್ರಿ," ಎಂದಳು ಶಂಕ್ರವ್ವ. "ಹಿಂದಿಂದು ಎಲ್ಲೂ ಇಟ್ಟಿಲ್ಲೇನೋ ಪಕೀರಾ?"

ಇಟ್ಟಿದ್ದ! ಬೋರಗೌಡನ ಒಂದು ಭಾಷಣ ಅವನಿಗೆ ಬಲು ಇಷ್ಟವಾಗಿ, ಮತ್ತೆ ಮತ್ತೆ ಆಡಲೆಂದು ಬೇರೊಂದು ಕಡೆ ಆಟವನ್ನು ಉಳಿಸಿಟ್ಟಿದ್ದ. ಅಲ್ಲಿ ಬೋರಗೌಡ ಜೀವಂತನಾಗಿದ್ದ. ಆದರೆ ಅದು ಕಲ್ಲುಸೇತುವೆಗೆ ಮುಂಚಿನದು. ಅಲ್ಲಿಗೆ ಹೋದರೆ ದ್ಯಾಮವ್ವನ ಮಹಾಜಯ ಒರೆಸಿಹೋಗುವುದು.

ಫಕೀರೇಶ ಹೆಂಡತಿಯ ಮುಖ ನೋಡಿದ. ಆಜ್ಞೆ ಮಾಡಲಿಲ್ಲ, ಅಬ್ಬರಿಸಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತು, ಡಿಕ್ಷನರಿಯ ಹರಿದ ಮೂಲೆ ಸವರುತ್ತ ಹೇಳಿದ: "ಇನ್ನೊಂದ ಸಲ ಗೆಲ್ಲು, ದ್ಯಾಮಿ. ನಿನಗೇನ ದೊಡ್ಡದಲ್ಲ."

"ಹೇಳೂದ ಸಸಾರ. ಮತ್ತ ಆಡಿದ್ರ ನನಗೇನ್ ಕೊಡ್ತೀರಿ?"

"ಒಂದು ವಾರ ಭಾಂಡಿ ನಾ ತಿಕ್ಕತೇನಿ."

"ಖಾನಾವಳಿದು ಪೂರಾ?"

"ಪೂರಾ."

"ಹಿಟ್ಟಿನ ಪರಾತನೂ?"

"ಪರಾತನೂ."

ಅಂಥ ಮಾತನ್ನು ಮದುವೆಯಾದಂದಿನಿಂದ ಅವಳು ಕೇಳಿರಲಿಲ್ಲ. ತನ್ನ ಜಯವನ್ನು ತಾನೇ ಅಳಿಸಿದ ವೀರವನಿತೆ ಬೇರೆ ಯಾವ ಪುರಾಣದಲ್ಲಿದ್ದಾಳೆ? ಅವಳು ಹಳೆಯ ಆಟ ತೆರೆದಳು. ಕಾಳಗಕ್ಕೆ ಮುಂಚೆ ಯಾರ್ಯಾರಿಗೆ ಏನೇನು ತೊಡಿಸಬೇಕೋ ತೊಡಿಸುತ್ತ, ಗಂಡ ನೀರು ಕುಡಿಯಲು ಎದ್ದ ಗಳಿಗೆಯಲ್ಲಿ, ಏನೋ ಒಂದನ್ನು ಬದಲಿಸಿದಳು.

ಆಮೇಲೆ ನಡೆದ ಯುದ್ಧವನ್ನು ವರ್ಣಿಸಲು ಸಾವಿರ ನಾಲಗೆ ಬೇಕು, ನನಗಿರುವುದು ಒಂದು. ಈ ಸಲ ಬೋರಗೌಡನನ್ನು ಅವಳು ಹಿಂದಿನ ಸಾಲಿಗೆ ತಳ್ಳಿ, ಮುಂದೆ ಬೇರೆ ಯಾರನ್ನೋ ನಿಲ್ಲಿಸಿದಳು. ಒಮ್ಮೆ ಎಲ್ಲವ್ವ ಸತ್ತೇ ಹೋಗುತ್ತಿದ್ದಳು. ಶಂಕ್ರವ್ವ ಹಿಟ್ಟಿನ ಕೈಯಲ್ಲೇ ಎದೆ ಹಿಡಿದುಕೊಂಡಳು. ಕೂದಲೆಳೆಯಲ್ಲಿ ಜಯವಾಯಿತು.

ಮಾತು ಶುರುವಾಯಿತು. ದ್ಯಾಮವ್ವ ಗುಂಡಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಗಂಡನಿಗೆ ಒಪ್ಪಿಸಿ, ಮೊದಲ ಬಾರಿಗೆ, ಕೈಕಟ್ಟಿ ಕೇಳಲು ಕುಳಿತಳು. ಫಕೀರೇಶ ಎದ್ದ. ಹೆಗಲ ಟವೆಲ್ಲನ್ನು ಉತ್ತರೀಯದಂತೆ ಹೊದ್ದ. ಕೆಮ್ಮಿದ.

"ಎಲೈ ದೊರೆಮಗಳೇ! ಹಿಂದೆ ಮತ್ತೊಂದು ಸೇನೆ ಧೂಳೆಬ್ಬಿಸಿಕೊಂಡು ಬರುತ್ತಿದೆ. ನೀವೆಲ್ಲ ನಡೆಯಿರಿ. ಈ ಸೇತುವೆಯ ಮೇಲೆ ನಾನೊಬ್ಬನೇ ನಿಲ್ಲುವೆನು! ನಾನು ತೊಟ್ಟ ಈ ಬೆಳ್ಳಿಕವಚದ ಆಣೆ, ಇದು ಹೊಳೆಯುವವರೆಗೆ ಒಬ್ಬನೂ..."

ಅವನು ಪರದೆಯ ಕಡೆ ನೋಡಿ ನಿಲ್ಲಿಸಿದ. ಪರದೆಯ ಮೇಲೆ, ಕವಚದ ಆಣೆಯಿಡುತ್ತ, ಬಿಳಿಗಡ್ಡದ ಬೋರಗೌಡ ಬರೀ ಬನಿಯನ್ನಿನಲ್ಲಿ ನಿಂತಿದ್ದ.

"ದ್ಯಾಮಿ, ಏನಿದು?"

"ಬಿಚ್ಚಿಟ್ಟೇನಿ," ಎಂದಳು ದ್ಯಾಮವ್ವ, ಸೆರಗಿನಿಂದ ಬಾಯಿ ಮುಚ್ಚಿ. "ಹೋದ್ರ ಮುದುಕ ಹೋಗಲಿ, ಕವಚಾ ಯಾಕ ಹೋಗಬೇಕು? ನೀವು ಮುಂದ ಓದ್ರಿ."

ಶಂಕ್ರವ್ವ ನಕ್ಕ ರಭಸಕ್ಕೆ ಹಿಟ್ಟಿನ ಮೋಡವೆದ್ದಿತು. ಆದರೆ ಫಕೀರೇಶ ಕಲಾವಿದ. ಬನಿಯನ್ನಿನ ಸೇನಾಪತಿಗೂ ತನ್ನ ಮೈಮೇಲಿನ ಬನಿಯನ್ನಿಗೂ ಒಮ್ಮೆ ಕಣ್ಣು ಹಾಯಿಸಿ, ಎದೆಯುಬ್ಬಿಸಿ, ಇನ್ನೂ ಗಟ್ಟಿಯಾಗಿ ಮುಂದುವರಿದ. ಭಾಷಣ ಮುಗಿದಾಗ ಬೀದಿಯ ನಾಯಿ ಶಟರಿನ ಕೆಳಗಿಂದ ಇಣುಕುತ್ತಿತ್ತು.

ಪ್ರಶ್ನೆ ಮೂಡಿತು: ನಾನೊಬ್ಬನೇ ನಿಲ್ಲಲೇ? ಮೇಲಿನ ಮನೆಯಲ್ಲಿ ಹೌದು, ಕೆಳಗಿನ ಮನೆಯಲ್ಲಿ ಬೇಡ. ಫಕೀರೇಶ ದೇವರನ್ನು ನೆನೆದು, ಹೆಬ್ಬೆರಳನ್ನು ಪಂಚೆಗೆ ಒರೆಸಿ, ಕೆಳಗಿನ ಮನೆಗೆ ಇಳಿದು, ಒತ್ತಿದ.

ಬೋರಗೌಡ ತಲೆಬಾಗಿ ಒಂದು ಸಾಲು ನುಡಿದ. ಫಕೀರೇಶ ಡಿಕ್ಷನರಿ ನೋಡಿದ. ಇನ್ನೊಮ್ಮೆ ನೋಡಿದ.

"ಏನಂತಾನ?" ಎಂದಳು ದ್ಯಾಮವ್ವ.

"ಕ್ಷಮಾ ಮಾಡ್ರಿ, ಆದ್ರೂ ನಾ ನಿಲ್ಲಾಂವನ ಅಂತಾನ."

ಬೋರಗೌಡ ಕೈಮುಗಿದು, ಬನಿಯನ್ನಿನಲ್ಲೇ, ಸೇತುವೆಯ ಮೇಲೆ ನಡೆದುಹೋದ. ಭರ್ಚಿ ಬಂತು. ಪೆಟ್ಟಿಗೆ ಎಲ್ಲವನ್ನೂ ಬರೆದಿಟ್ಟುಕೊಂಡಿತು.

"ಅಂದ್ರ ನಾ ಒತ್ತಿದ್ದೂ ಅಷ್ಟ, ನೀವು ಒತ್ತಿದ್ದೂ ಅಷ್ಟ!"

"ಬ್ಯಾಡ ಅಂದ್ರೂ ನಿಲ್ಲಾಂವ ಇದ್ದಿ, ಮತ್ತ ಯಾಕ ಕೇಳಿದ್ಯೋ ಮಾರಾಯಾ?" ಎಂದು ಫಕೀರೇಶ ಟೀವಿಯನ್ನೇ ಕೇಳಿದ.

ಉತ್ತರ ಕೊಟ್ಟವಳು ಶಂಕ್ರವ್ವ. "ಮರ್ಯಾದಿಗೆ ಕೇಳ್ಯಾನಪಾ. ನೀ ಕೇಳೂದಿಲ್ಲೇನು, ಸಾರು ಹಾಕಲೇನ್ರಿ ಅಂತ? ಬ್ಯಾಡ ಅಂದ್ರ ಬಿಡತೀಯೇನು?"

ಆಗಲೇ ಶಟರಿನ ಕೆಳಗಿಂದ ನಾಯಿಯ ಪಕ್ಕ ಒಂದು ಮನುಷ್ಯತಲೆ ಇಣುಕಿತು. "ಊಟ ಐತೇನ್ರಿ?"

ದ್ಯಾಮವ್ವ ಗಂಡನ ಕಡೆ ನೋಡಿ ಅಡಿಗೆಮನೆಯ ಕಡೆ ಬೆರಳು ಮಾಡಿದಳು. "ಮೊದಲ ಅವರಿಗೆ ಹಾಕ್ರಿ, ಆಮ್ಯಾಲೆ ಭಾಂಡಿ. ಪರಾತ ಮರೀಬ್ಯಾಡ್ರಿ."

ಮಹಾಸೇನಾನಿ ಉತ್ತರೀಯವನ್ನು ಟವೆಲ್ಲು ಮಾಡಿ ಹೆಗಲಿಗೇರಿಸಿದ, ಸೌಟು ಹಿಡಿದ, ಗಿರಾಕಿಯ ತಾಟಿನ ಮುಂದೆ ನಿಂತು ಎದೆಯುಬ್ಬಿಸಿದ.

"ಸಾರು ಹಾಕಲೇನ್ರಿ?"

ತಗಡು ನಡುಗಿತು. ಗಿರಾಕಿ ಬೆಚ್ಚಿಬಿದ್ದು, ತಾಟಿಗೆ ಎರಡೂ ಕೈ ಅಡ್ಡ ಹಿಡಿದ.

"ಬ್ಯಾಡ್ರಿ, ಸಾಕ್ರಿ!"

"ಕ್ಷಮಾ ಮಾಡ್ರಿ," ಎಂದ ಫಕೀರೇಶ, ಮತ್ತು ಹಾಕಿದ.